ಗದಗ ಸೀಮೆಯ ಮೊದಮೊದಲ ಫೋಟೋಗಳು

1866ರಲ್ಲಿ ಲಂಡನ್ನಿನ ಜಾನ್ ಮರ್ರೆ ಪ್ರಕಾಶನದಿಂದ ಒಂದು ಭಾರಿ ಪುಸ್ತಕ ಹೊರಬಂತು. ಹೆಸರು ‘ಆರ್ಕಿಟೆಕ್ಚರ್ ಇನ್ ಧಾರವಾರ್ ಅಂಡ್ ಮೈಸೂರ್’. ಒಳಪುಟದಲ್ಲಿ ಫೋಟೋ ತೆಗೆದ ಮೂವರ ಹೆಸರಿವೆ: ಬೊಂಬಾಯಿ ವೈದ್ಯಕೀಯ ಸೇವೆಯ ಡಾ. ಪಿಗೂ, ಎ.ಸಿ.ಬಿ. ನೀಲ್, ಕರ್ನಲ್ ಬಿಗ್ಸ್. ಮೊದಲ ಹೆಸರಿನ ಹಿಂದೆ ‘ದಿವಂಗತ’ ಎಂದು ಸೇರಿಸಿದ್ದಾರೆ. ಪುಸ್ತಕ ಅಚ್ಚಾಗುವ ಹೊತ್ತಿಗೆ ವಿಲಿಯಂ ಹೆನ್ರಿ ಪಿಗೂ ತೀರಿಕೊಂಡು ಎಂಟು ವರ್ಷಗಳಾಗಿದ್ದವು.

ಆ ಪುಟಗಳಲ್ಲಿ ಗದಗ ಇದೆ, ಲಕ್ಕುಂಡಿ ಇದೆ, ಡಂಬಳ ಇದೆ. ಪಿಗೂ ಈ ಸೀಮೆಯಲ್ಲಿ ಓಡಾಡಿದ್ದು 1856–57ರ ಸುಮಾರಿಗೆ. ಗದಗಿಗೆ ರೈಲು ಬರಲು ಇನ್ನೂ ಮೂರು ದಶಕದಷ್ಟು ಸಮಯವಿತ್ತು. ಹುಬ್ಬಳ್ಳಿಯಿಂದ ಪೂರ್ವಕ್ಕೆ ಎರೆಭೂಮಿಯ ಬಂಡಿ ದಾರಿ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ದಾರಿಯಲ್ಲಿ ಮರದ ಕ್ಯಾಮೆರಾ, ಔಷಧದ ಶೀಶೆಗಳು, ಕಾಗದದ ಕಟ್ಟು, ಕತ್ತಲೆ ಕೋಣೆಗೆ ಬೇಕಾದ ಡೇರೆ ಹೇರಿಕೊಂಡು ಒಬ್ಬ ಡಾಕ್ಟರು ಬಂದು, ನಮ್ಮ ಗುಡಿಗಳ ಮುಂದೆ ಮೂರುಕಾಲಿನ ಸ್ಟ್ಯಾಂಡು ನಿಲ್ಲಿಸಿದರು. ಅವರು ತೆಗೆದದ್ದು ಲಂಡನ್ನಿಗೆ ಹೋಯಿತು. ಬಹುಪಾಲು ಇವತ್ತಿಗೂ ಅಲ್ಲಿಯೇ, ಬ್ರಿಟಿಷ್ ಲೈಬ್ರರಿಯ ಸಂಗ್ರಹದಲ್ಲಿದೆ. ಕಲೆಯ ಇತಿಹಾಸ ಓದುವವರಿಗೆ ಆ ಚಿತ್ರಗಳು ಗೊತ್ತು. ಲಕ್ಕುಂಡಿಯ ಅಗಸಿಯಲ್ಲಿ ಕೂತವರಿಗೆ, ಡಂಬಳದ ಕೆರೆ ಏರಿಯ ಮೇಲೆ ದನ ಹೊಡೆದುಕೊಂಡು ಹೋಗುವವರಿಗೆ ಗೊತ್ತಿಲ್ಲ. ಇದು ಸರಿಯಲ್ಲ ಎಂಬುದೇ ಈ ಬರಹದ ಮೂಲ. ಆ ಚಿತ್ರಗಳಲ್ಲಿ ಏನಿದೆ ಎಂದು ಬಿಡಿಸಿ ಹೇಳಬಲ್ಲವರು ಈ ಊರುಗಳಲ್ಲೇ ಇದ್ದಾರೆ.

ರೋಮಿನ ಕಣ್ಣು

ಒಬ್ಬ ಸರಕಾರಿ ಡಾಕ್ಟರಿಗೆ ಹಾಳುಬಿದ್ದ ಗುಡಿಗಳ ಫೋಟೋ ತೆಗೆಯುವ ಕೆಲಸ ಏಕೆ ಬಂತು ಎಂದು ಕೇಳಿದರೆ ಸ್ವಲ್ಪ ದೂರ, ರೋಮಿನವರೆಗೆ ಹೋಗಿಬರಬೇಕಾಗುತ್ತದೆ. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ಗೊತ್ತಾದದ್ದು 1839ರಲ್ಲಿ. ಮೂರೇ ವರ್ಷಕ್ಕೆ, 1842ರಲ್ಲಿ, ಫ್ರಾನ್ಸಿನ ಜಿರೋ ದ ಪ್ರಾಂಜೆ ಬೆಳ್ಳಿಯ ಮುಲಾಮಿನ ತಾಮ್ರದ ತಗಡುಗಳನ್ನು ಕಟ್ಟಿಕೊಂಡು ರೋಮಿಗೆ ಹೋಗಿ ಅಲ್ಲಿಯ ಹಳೆಯ ಕಂಬ, ಕಮಾನುಗಳನ್ನು ಹಿಡಿದ. 1851ರ ಹೊತ್ತಿಗೆ ಸ್ಕಾಟ್ಲೆಂಡಿನ ರಾಬರ್ಟ್ ಮ್ಯಾಕ್‌ಫರ್ಸನ್ ಅದೇ ಊರಲ್ಲಿ ಕ್ಯಾಮೆರಾ ಹಿಡಿದ. ಈತ ಎಡಿನ್‌ಬರೋದಲ್ಲಿ ಶಸ್ತ್ರವೈದ್ಯ ಓದಿದವನು, ಚಿತ್ರಕಾರನಾಗಬೇಕೆಂದು ರೋಮಿಗೆ ಬಂದವನು, ಕೊನೆಗೆ ಆ ಊರಿನ ಹೆಸರಾಂತ ಫೋಟೋಗ್ರಾಫರ್ ಆದವನು. ಕೊಲೊಸಿಯಮ್ಮಿನ ಸುತ್ತುಗೋಡೆ, ಫೋರಮ್ಮಿನಲ್ಲಿ ಉಳಿದ ಕಂಬಗಳು, ಟೈಟಸ್ ಚಕ್ರವರ್ತಿಯ ಕಮಾನು, ಇವೆಲ್ಲ ಅವನ ದೊಡ್ಡ ಅಳತೆಯ ಚಿತ್ರಗಳಲ್ಲಿ ಯುರೋಪಿನ ಮನೆಮನೆಗೆ ಹೋದವು.

ಒಂದು ಕಾಲಕ್ಕೆ ಜಗತ್ತನ್ನಾಳಿದ ಆ ಫೋರಮ್ಮಿಗೆ ಆಗ ಅಲ್ಲಿಯ ಜನ ಇಟ್ಟಿದ್ದ ಹೆಸರು ‘ಕಾಂಪೊ ವಾಚ್ಚಿನೊ’, ದನದ ಬಯಲು. ಅಲ್ಲಿ ದನ ಮೇಯುತ್ತಿದ್ದವು, ದನದ ಸಂತೆ ಕೂಡುತ್ತಿತ್ತು. ಅರ್ಧ ಹೂತ ಕಂಬ, ಅದಕ್ಕೆ ಹಬ್ಬಿದ ಬಳ್ಳಿ, ನೆರಳಲ್ಲಿ ಮಲಗಿದ ದನ: ಇದನ್ನು ಕಂಡು ಗತಕಾಲದ ವೈಭವಕ್ಕೆ ನಿಟ್ಟುಸಿರು ಬಿಡುವುದು ಆ ಕಾಲದ ಓದಿಕೊಂಡ ಯುರೋಪಿನವರ ಅಭಿರುಚಿ. ಆ ಅಭಿರುಚಿಯಲ್ಲಿ ಬೆಳೆದ ಕಣ್ಣೇ ಹಡಗು ಹತ್ತಿ ಹಿಂದೂಸ್ಥಾನಕ್ಕೆ ಬಂತು, ಹಂಪಿಯನ್ನು ನೋಡಿತು, ಲಕ್ಕುಂಡಿಯನ್ನು ನೋಡಿತು. ಡಾಕ್ಟರುಗಳು ಈ ಕೆಲಸಕ್ಕೆ ಬಿದ್ದದ್ದಕ್ಕೆ ಇನ್ನೊಂದು ಕಾರಣವೂ ಇದೆ. ಅಂದಿನ ಫೋಟೋಗ್ರಫಿ ಅರ್ಧಕ್ಕರ್ಧ ರಸಾಯನಶಾಸ್ತ್ರ. ತೂಕ ಹಾಕಿ ಔಷಧ ಬೆರೆಸುವುದು, ಶೀಶೆಗಳನ್ನು ಕೆಡದಂತೆ ಕಾಯುವುದು ವೈದ್ಯರಿಗೆ ದಿನದ ಕೆಲಸವಾಗಿತ್ತು.

ಕಂಪನಿ ಸರಕಾರಕ್ಕೆ ಬೇಕಾದದ್ದು ನಿಟ್ಟುಸಿರಲ್ಲ, ದಾಖಲೆ. ಕ್ಯಾಮೆರಾ ಬರುವ ಮೊದಲು ಹಳೆಯ ಕಟ್ಟಡ, ಶಿಲ್ಪಗಳ ನಕಲು ಮಾಡಲು ಚಿತ್ರಗಾರರನ್ನು ನೇಮಿಸುತ್ತಿದ್ದರು. ಅಜಂತೆಯ ಚಿತ್ರಗಳನ್ನು ಬರೆದುಕೊಳ್ಳಲೆಂದು 1844ರಲ್ಲಿ ನೇಮಕವಾದ ರಾಬರ್ಟ್ ಗಿಲ್ ವರ್ಷಗಟ್ಟಲೆ ಅಲ್ಲಿಯೇ ಉಳಿದರು. ಇದು ನಿಧಾನದ ಕೆಲಸ, ಖರ್ಚಿನ ಕೆಲಸ. ಕ್ಯಾಮೆರಾ ಬಳಸಿದರೆ ಬೇಗ ಆಗುತ್ತದೆ, ಸುಳ್ಳಿಗೆ ಜಾಗ ಇರುವುದಿಲ್ಲ ಎಂದು ಲಂಡನ್ನಿನ ನಿರ್ದೇಶಕ ಮಂಡಳಿಗೆ ಅನ್ನಿಸಿತು. ಬೊಂಬಾಯಿ ಸರಕಾರ 1855ರಲ್ಲಿ ತೋಪಖಾನೆಯ ಅಧಿಕಾರಿ ಥಾಮಸ್ ಬಿಗ್ಸ್‌ಗೆ ಈ ಕೆಲಸ ಕೊಟ್ಟಿತು. ಅವರು ವಿಜಯಪುರ, ಬಾದಾಮಿ, ಐಹೊಳೆಯ ಕಡೆ ಸುತ್ತಿ ಚಿತ್ರ ತೆಗೆದರು. ಆ ವರ್ಷದ ಕೊನೆಗೆ ಸೈನ್ಯ ಅವರನ್ನು ಮರಳಿ ಕರೆಸಿಕೊಂಡಿತು. ಅವರ ಜಾಗಕ್ಕೆ ಬಂದವರೇ ಪಿಗೂ.

ಬಿಸಿಲು, ನೀರು, ಬೆಳ್ಳಿ

ಈಗ ಮೊಬೈಲಿನಲ್ಲಿ ಬೆರಳು ಒತ್ತಿ ತೆಗೆಯುವ ಚಿತ್ರಕ್ಕೂ ಅಂದಿನ ಚಿತ್ರಕ್ಕೂ ಹೆಸರೊಂದು ಬಿಟ್ಟು ಬೇರೇನೂ ಸಮ ಇಲ್ಲ. ಗಾಜಿನ ಮೇಲೆ ಹಸಿ ಔಷಧ ಸವರಿ ಒಣಗುವುದರೊಳಗೆ ಚಿತ್ರ ತೆಗೆಯುವ ಪದ್ಧತಿ 1851ರಲ್ಲಿ ಬಂದಿತ್ತು. ಆದರೆ ಗಾಜು ಭಾರ, ದಾರಿಯಲ್ಲಿ ಒಡೆಯುತ್ತದೆ. ನಮ್ಮ ಬಿಸಿಲಿಗೆ ಆ ಔಷಧ ಬೇಗ ಆರುತ್ತದೆ. ಹಾಗಾಗಿ ಆ ವರ್ಷಗಳಲ್ಲಿ ದಖನ್ನಿನ ಬಯಲಲ್ಲಿ ತಿರುಗಿದವರಲ್ಲಿ ಹಲವರು ನೆಚ್ಚಿಕೊಂಡದ್ದು ಕಾಗದದ ನೆಗೆಟಿವ್. ಒಳ್ಳೆಯ ಬಿಳಿ ಕಾಗದಕ್ಕೆ ಜೇನುಮೇಣ ಕರಗಿಸಿ ಇಸ್ತ್ರಿ ಹೊಡೆದು ಇಳಿಸುತ್ತಿದ್ದರು, ಕಾಗದ ಪಾರದರ್ಶಕವಾಗುತ್ತಿತ್ತು. ಅದನ್ನು ಅಯೋಡೈಡಿನ ದ್ರವದಲ್ಲಿ ನೆನೆಸಿ ಒಣಗಿಸಿ, ಕತ್ತಲೆಯಲ್ಲಿ ಬೆಳ್ಳಿಯ ಉಪ್ಪಿನ ದ್ರವದಲ್ಲಿ ಅದ್ದಿ, ಕ್ಯಾಮೆರಾಕ್ಕೆ ಏರಿಸಬೇಕು. ಮುಚ್ಚಳ ತೆಗೆದು ನಿಮಿಷಗಟ್ಟಲೆ ಕಾಯಬೇಕು. ಮಂಟಪದ ಒಳಗಿನ ನೆರಳಿನಲ್ಲಿ ಇನ್ನೂ ಹೆಚ್ಚು. ಆಮೇಲೆ ಗ್ಯಾಲಿಕ್ ಆಮ್ಲದಲ್ಲಿ ಚಿತ್ರ ಏಳಿಸಬೇಕು, ಹೈಪೊದಲ್ಲಿ ಗಟ್ಟಿ ಮಾಡಬೇಕು, ಮತ್ತೆ ಮತ್ತೆ ತಿಳಿನೀರಿನಲ್ಲಿ ತೊಳೆಯಬೇಕು. ತೊಳೆದದ್ದು ಸಾಲದಿದ್ದರೆ ಕೆಲವು ವರ್ಷಕ್ಕೆ ಚಿತ್ರ ಹಳದಿಗಟ್ಟಿ ಮಾಸಿಹೋಗುತ್ತದೆ.

ಈ ಸೀಮೆಯಲ್ಲಿ ಕಷ್ಟ ಇದ್ದದ್ದು ಬಿಸಿಲಿಗಲ್ಲ, ನೀರಿಗೆ. ಗದಗ, ಮುಂಡರಗಿ, ಶಿರಹಟ್ಟಿಯ ಮಂದಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೂರೊಂದು ಗುಡಿ, ನೂರೊಂದು ಬಾವಿ ಎಂದು ಹೆಸರಾದ ಲಕ್ಕುಂಡಿಯಲ್ಲಿ ಮಾತ್ರ ಮೆಟ್ಟಿಲಿಳಿದು ತುಂಬಿಕೊಳ್ಳುವ ಕಲ್ಲುಬಾವಿಗಳು ಗುಡಿಗಳ ಮಗ್ಗುಲಲ್ಲೇ ಇದ್ದವು. ಸಾವಿರ ವರ್ಷದ ಹಿಂದೆ ಆ ಊರು ಕಟ್ಟಿಸಿದವರು ನೀರಿಗೆ ಕೊಟ್ಟ ಮರ್ಯಾದೆ ಹಾಗಿತ್ತು.

ಕಾಗದದ ನೆಗೆಟಿವ್ ಎಲ್ಲ ಬಣ್ಣವನ್ನೂ ಒಂದೇ ಸಮ ನೋಡುವುದಿಲ್ಲ. ನೀಲಿ ಬೆಳಕಿಗೆ ಅದು ತಟ್ಟನೆ ಒಲಿಯುತ್ತದೆ, ಕೆಂಪಿಗೆ ಕುರುಡು. ಅದಕ್ಕೇ ಆ ಕಾಲದ ಚಿತ್ರಗಳಲ್ಲಿ ಆಕಾಶ ಬರೀ ಬಿಳಿ, ಒಂದು ಮೋಡ ಕೂಡ ಇರುವುದಿಲ್ಲ. ಮಸಾರಿಯ ಕೆಂಪು ಮಣ್ಣು ಎರೆಯ ಹಾಗೆ ಕಪ್ಪಾಗಿ ಬರುತ್ತದೆ. ಹಸಿರು ಛಾಯೆಯ ನಮ್ಮ ಗುಡಿಗಳ ಕಲ್ಲು ಇದ್ದದ್ದಕ್ಕಿಂತ ಕಪ್ಪಗೆ ಕಾಣುತ್ತದೆ. ಬಿಳಿ ಆಕಾಶದ ಮುಂದೆ ಕಪ್ಪು ಗುಡಿ, ಸುತ್ತ ಯಾರೂ ಇಲ್ಲ. ನೋಡಿದ ಕೂಡಲೇ ಪಾಳುಬಿದ್ದ, ಜನ ಬಿಟ್ಟುಹೋದ ಜಾಗ ಎಂದು ಅನ್ನಿಸಿಬಿಡುತ್ತದೆ. ಆದರೆ ಜನ ಇರಲಿಲ್ಲವೆಂದಲ್ಲ. ನಿಮಿಷಗಟ್ಟಲೆ ತೆರೆದಿಟ್ಟ ಕ್ಯಾಮೆರಾದ ಮುಂದೆ ಕೊಡ ಹೊತ್ತು ಹಾದುಹೋದವಳು, ಕೈಮುಗಿದು ಹೊರಬಂದವನು ಚಿತ್ರದಲ್ಲಿ ನಿಲ್ಲುವುದಿಲ್ಲ. ಅಲುಗಾಡದೆ ನಿಂತದ್ದು ಮಾತ್ರ ಉಳಿಯುತ್ತದೆ. ಅಳತೆ ತಿಳಿಯಲೆಂದು ಕಂಬದ ಪಕ್ಕ ಒಬ್ಬನನ್ನು ನಿಲ್ಲಿಸುವ ರೂಢಿ ಆ ಫೋಟೋಗ್ರಾಫರುಗಳಿಗಿತ್ತು. ಹಾಗೆ ನಿಂತವನ ಹೆಸರನ್ನು ಬರೆದಿಡುವ ರೂಢಿ ಇರಲಿಲ್ಲ.

ಗದಗಿನ ವೀರನಾರಾಯಣನಿಗೆ ಆಗಲೂ ನಿತ್ಯ ಪೂಜೆ ನಡೆಯುತ್ತಿತ್ತು. ಕುಮಾರವ್ಯಾಸ ಕೂತು ಬರೆದನೆಂದು ನಂಬುವ ಕಂಬದ ಹತ್ತಿರ ಜನ ಆಗಲೂ ಕೈಮುಗಿಯುತ್ತಿದ್ದರು. ತ್ರಿಕೂಟೇಶ್ವರನಿಗೆ ಎಣ್ಣೆ ಬತ್ತಿ ತಪ್ಪಿರಲಿಲ್ಲ. ಫೋರಮ್ಮಿನ ಶನಿದೇವನ ಗುಡಿಗೆ ಪೂಜೆ ನಿಂತು ಸಾವಿರ ವರ್ಷದ ಮೇಲಾಗಿತ್ತು. ಗದಗಿನ ಗುಡಿಗಳ ಮಾತು ಹಾಗಲ್ಲ. ರೋಮಿನ ಅಳತೆಗೋಲು ಇಲ್ಲಿ ತಪ್ಪುವುದು ಈ ಜಾಗದಲ್ಲಿ.

ಬೆಳ್ಳಿ ಬಂಗಾರದ ಕೆಲಸಕ್ಕೂ ಮೇಲು

ತ್ರಿಕೂಟೇಶ್ವರದ ಆವರಣದಲ್ಲಿ ತೆಂಕಣಕ್ಕಿರುವ ಸರಸ್ವತಿಯ ಗುಡಿಯನ್ನು ಸ್ವಲ್ಪ ಹೊತ್ತು ನಿಂತು ನೋಡಬೇಕು. ದೇವಿಯ ಮೂರ್ತಿ ಭಗ್ನವಾಗಿದೆ, ಪೂಜೆಗಿಲ್ಲ. ಮುಂದಿನ ಮಂಟಪದ ಕಂಬಗಳು ಮಾತ್ರ ಈ ನಾಡಿನಲ್ಲೇ ಅಪರೂಪದವು. ಚಾಲುಕ್ಯರ ಮೊದಲ ಗುಡಿಗಳು ಬಾದಾಮಿ, ಐಹೊಳೆಯ ಕಡೆಯ ಮರಳುಗಲ್ಲಿನವು. ಹನ್ನೊಂದನೆಯ ಶತಮಾನದ ಹೊತ್ತಿಗೆ ಕಲ್ಯಾಣದ ಚಾಲುಕ್ಯರ ಕಾಲದ ಶಿಲ್ಪಿಗಳು ನಯವಾದ, ಬಳಪದ ಜಾತಿಯ ಕಲ್ಲಿಗೆ ಬದಲಾದರು. ಚಾಣ ಬಿದ್ದಾಗ ಈ ಕಲ್ಲು ಚೂರುಚೂರಾಗದೆ ಹೇಳಿದ ಹಾಗೆ ಕೇಳುತ್ತದೆ. ಕಂಬಗಳನ್ನು ಚರಕಿಯ ಮೇಲೆ ಕೂರಿಸಿ ತಿರುಗಿಸಿ ಕಡೆದಿದ್ದಾರೆ. ಸರಸ್ವತಿಯ ಮಂಟಪದಲ್ಲಿ ಅಷ್ಟಕ್ಕೇ ಬಿಟ್ಟಿಲ್ಲ. ಕಂಬದ ಬುಡದಿಂದ ಕಂಠದವರೆಗೆ ಕಿರುಗೂಡು, ಅದರೊಳಗೆ ಗೇಣಿಗಿಂತ ಚಿಕ್ಕ ಮೂರ್ತಿ, ಮೇಲೆ ಪುಟ್ಟ ಶಿಖರ, ಅದರ ಮೇಲೆ ಮತ್ತೊಂದು ಸಾಲು. ಬೆರಳಿನ ತುದಿ ಇಡುವಷ್ಟು ಜಾಗವನ್ನೂ ಬರಿದಾಗಿ ಬಿಟ್ಟಿಲ್ಲ.

1866ರ ಪುಸ್ತಕಕ್ಕೆ ಇತಿಹಾಸದ ಭಾಗ ಬರೆದವರು ಕರ್ನಲ್ ಮೆಡೋಸ್ ಟೇಲರ್. ಸುರಪುರದಲ್ಲಿ ವರ್ಷಗಟ್ಟಲೆ ಇದ್ದು ಕನ್ನಡ ಸೀಮೆಯನ್ನು ಕಾಲಿನಲ್ಲಿ ಅಳೆದವರು. ಗದಗಿನ ಗುಡಿಯ ಕಂಬ, ಬಾಗಿಲವಾಡಗಳ ಬಗ್ಗೆ ಬರೆಯುವಾಗ ಅವರ ಮಾತು ಸೋಲುತ್ತದೆ: ಬೆಳ್ಳಿ ಬಂಗಾರದ ಮೇಲಿನ ಕೆತ್ತನೆ ಕೂಡ ಇದಕ್ಕಿಂತ ನಾಜೂಕಾಗಿರಲಾರದು, ಇಂಥ ಕಲ್ಲನ್ನು ಯಾವ ಹತ್ಯಾರದಿಂದ ಹೀಗೆ ಕಡೆದು ಮೆರುಗು ಕೊಟ್ಟರೋ ಈಗ ತಿಳಿಯುವುದಿಲ್ಲ ಎನ್ನುವುದು ಅವರ ಅಭಿಪ್ರಾಯ. ಕಟ್ಟಡದ ಟಿಪ್ಪಣಿ ಬರೆದ ಜೇಮ್ಸ್ ಫರ್ಗ್ಯುಸನ್ ಇನ್ನೊಂದು ಬಗೆಯ ಮನುಷ್ಯ. ನೀಲಿ ಬಣ್ಣದ ವ್ಯಾಪಾರಕ್ಕೆ ಬಂದು, ಹಿಂದೂಸ್ಥಾನದ ವಾಸ್ತುಶಿಲ್ಪಕ್ಕೆ ಮೊದಲ ದೊಡ್ಡ ಇತಿಹಾಸ ಬರೆದವರು. ನಮ್ಮ ಗುಡಿಗಳಿಗೆ ‘ಚಾಲುಕ್ಯ ಶೈಲಿ’ ಎಂಬ ಹೆಸರು ಊರಿದ್ದು ಅವರ ಬರವಣಿಗೆಯಿಂದ. ಈ ಕಡೆಯ ಗುಡಿಗಳ ಬಗ್ಗೆ ಅವರು ಬರೆದದ್ದು ಬಹುಮಟ್ಟಿಗೆ ಲಂಡನ್ನಿನ ಮೇಜಿನ ಮೇಲೆ ಹರಡಿಕೊಂಡ ಇಂಥ ಫೋಟೋಗಳನ್ನು ನೆಚ್ಚಿ. 1876ರ ಗ್ರಂಥದಲ್ಲಿ ಅವರು ಹಳೇಬೀಡನ್ನು ಗ್ರೀಸಿನ ಪಾರ್ಥೆನಾನ್ ಎದುರು ಇಟ್ಟು ತೂಗುತ್ತಾರೆ. ಕಟ್ಟಡ ಕಲೆಯ ಎರಡು ತುದಿಗಳು ಇವು ಎನ್ನುತ್ತಾರೆ. ಒಂದು ಕಡೆಗೆ ಗ್ರೀಸು ರೋಮು ಇಲ್ಲದೆ ಅವರಿಗೆ ತಕ್ಕಡಿಯೇ ಏಳುತ್ತಿರಲಿಲ್ಲ.

ಡಂಬಳದ ದೊಡ್ಡಬಸಪ್ಪನ ಗುಡಿಯ ಮುಂದೆ ಮಾತ್ರ ಯಾವ ರೋಮಿನ ತಕ್ಕಡಿಯೂ ಕೆಲಸಕ್ಕೆ ಬರುವುದಿಲ್ಲ. ಗರ್ಭಗುಡಿಯ ಹೊರಗೋಡೆಗೆ ಇಪ್ಪತ್ನಾಲ್ಕು ಮೂಲೆಗಳ ನಕ್ಷತ್ರದ ತಳಪಾಯ. ಒಂದು ಚೌಕವನ್ನು ಅದರ ನಡುಬಿಂದುವಿನ ಮೇಲೆ ಹದಿನೈದು ಹದಿನೈದು ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಕ್ಕೆ ಇಪ್ಪತ್ನಾಲ್ಕು ಮೂಲೆ ಬೀಳುತ್ತವೆ. ಬುಡದಲ್ಲಿ ಎದ್ದ ಆ ಮೂಲೆಗಳನ್ನು ಶಿಖರದ ಅಂತಸ್ತುಗಳಲ್ಲೂ ಬಿಡದೆ ಎತ್ತಿಕೊಂಡು ಹೋಗಿದ್ದಾರೆ. ಫೋಟೋ ತೆಗೆಯುವವನಿಗೆ ಇಂಥ ಗೋಡೆ ಒಂದು ಪರೀಕ್ಷೆ. ಬಿಸಿಲು ಯಾವ ಕಡೆಯಿಂದ ಬಿದ್ದರೂ ಒಂದು ಮುಖ ಪೂರಾ ಬೆಳಕು, ಪಕ್ಕದ್ದು ಮಬ್ಬು, ಅದರಾಚೆಯದು ಕಪ್ಪು. ಹೊತ್ತು ಏರಿದ ಹಾಗೆ ಈ ಸಾಲು ಸರಿಯುತ್ತ ಹೋಗುತ್ತದೆ. ನಟ್ಟನಡು ಮಧ್ಯಾಹ್ನ ತೆಗೆದರೆ ಎಲ್ಲ ಒಂದೇ ಮುದ್ದೆ. ಬೆಳಗಿನ ಎಂಟು, ಒಂಬತ್ತರ ಬಿಸಿಲಿನಲ್ಲಿ ಗುಡಿಯ ಸುತ್ತ ಒಂದು ಸುತ್ತು ಹಾಕಿದವರಿಗೆ ನಾನು ಹೇಳುತ್ತಿರುವುದು ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಆ ಶಿಲ್ಪಿ ಬೆಳಕನ್ನು ಲೆಕ್ಕಕ್ಕೆ ಹಿಡಿದೇ ಮೂಲೆಗಳನ್ನು ಕಡೆದಿದ್ದಾನೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಬೌದ್ಧರೂ ಬಾಳಿದ ಊರು ಅದು. 1095ರ ಶಾಸನ ಅಲ್ಲಿಯ ತಾರಾ ಭಗವತಿಯ ಗುಡಿಯ ಬಗ್ಗೆ, ವಿಹಾರದ ಬಗ್ಗೆ ಹೇಳುತ್ತದೆ. ಕರ್ನಾಟಕದಲ್ಲಿ ಬೌದ್ಧ ಧರ್ಮದ ಕೊನೆಯ ಹೆಜ್ಜೆ ಗುರುತುಗಳಲ್ಲಿ ಡಂಬಳದ್ದೂ ಒಂದು.

ಅರಳೆಯ ದುಡ್ಡು

ಪಿಗೂ ತೆಗೆದ ಚಿತ್ರಗಳು ಹತ್ತು ವರ್ಷ ಸರಕಾರಿ ಕಪಾಟಿನಲ್ಲೇ ಇದ್ದವು. ಪುಸ್ತಕ ಮಾಡಲು ದುಡ್ಡು ಬೇಕು. ಆ ಕಾಲಕ್ಕೆ ಅಕ್ಷರದ ಜೊತೆ ಫೋಟೋ ಅಚ್ಚು ಹಾಕುವ ವಿದ್ಯೆ ಬಳಕೆಗೆ ಬಂದಿರಲಿಲ್ಲ. ಒಂದೊಂದು ಪ್ರತಿಗೂ ನೂರರ ಆಸುಪಾಸು ಫೋಟೋಗಳನ್ನು ಬೇರೆಯಾಗಿ ತೊಳೆದು ಕೈಯಿಂದ ಅಂಟಿಸಬೇಕಿತ್ತು. ಪಶ್ಚಿಮ ಭಾರತದ ವಾಸ್ತುಶಿಲ್ಪದ ಮೂರು ಸಂಪುಟಗಳ ಮಾಲೆ ಅದು, ಇನ್ನೆರಡು ಅಹಮದಾಬಾದ್ ಮತ್ತು ವಿಜಯಪುರದವು. ಆ ಮಾಲೆಗೆ ಕೈಯೆತ್ತಿ ಕೊಟ್ಟವರು ಬೊಂಬಾಯಿಯ ಧನಿಕರಾದ ಪ್ರೇಮಚಂದ ರಾಯಚಂದ ಮತ್ತು ಕರ್ಸನ್‌ದಾಸ ಮಾಧವದಾಸ.

ಪ್ರೇಮಚಂದರಿಗೆ ಆ ದುಡ್ಡು ಎಲ್ಲಿಂದ ಬಂತು? ಅರಳೆಯಿಂದ. 1861ರಲ್ಲಿ ಅಮೆರಿಕದಲ್ಲಿ ಒಳಯುದ್ಧ ಶುರುವಾಗಿ ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಬೊಂಬಾಯಿಯ ಅರಳೆಗೆ ಬಂಗಾರದ ಬೆಲೆ ಬಂತು. ಧಾರವಾಡ ಜಿಲ್ಲೆಯ ಎರೆಭೂಮಿಯಲ್ಲಿ, ಅದರಲ್ಲೂ ಗದಗಿನ ಸುತ್ತ, ಅಮೆರಿಕದ ತಳಿಯ ಹತ್ತಿಯನ್ನು ಆಗಲೇ ಬೆಳೆಯುತ್ತಿದ್ದರು. ಅಂಡಿಗೆಗಳು ಬಂಡಿಯಲ್ಲಿ ಘಟ್ಟ ಇಳಿದು ಕುಮಟೆಗೆ ಹೋಗಿ ಅಲ್ಲಿಂದ ಹಡಗು ಹತ್ತುತ್ತಿದ್ದವು. 1865ರಲ್ಲಿ ಅಮೆರಿಕದ ಯುದ್ಧ ಮುಗಿದದ್ದೇ ಬೊಂಬಾಯಿಯ ಪೇಟೆ ಕುಸಿಯಿತು, ಪ್ರೇಮಚಂದರೂ ಕುಸಿದರು. ಆದರೂ ಮುಂಬೈ ವಿಶ್ವವಿದ್ಯಾಲಯದ ರಾಜಾಬಾಯಿ ಗೋಪುರ ಅವರು ತಾಯಿಯ ಹೆಸರಿನಲ್ಲಿ ಕೊಟ್ಟ ದಾನದಿಂದ ಎದ್ದು ನಿಂತಿದೆ. ಗದಗಿನ ಗುಡಿಗಳ ಚಿತ್ರದ ಮಾಲೆಗೆ ಹೋದ ಹಣದಲ್ಲಿ ಗದಗಿನ ಒಕ್ಕಲಿನ ಬೆವರೂ ಇತ್ತು ಎಂದು ನಾನು ಹೇಳಿದರೆ ಅದು ಅತಿಶಯದ ಮಾತಲ್ಲ.

ಚಿತ್ರದಲ್ಲಿ ಇಲ್ಲದ 1858

ಈ ಚಿತ್ರಗಳನ್ನು ನೋಡುವಾಗ ಮನಸ್ಸು ಪದೇಪದೇ ಒಂದು ತಾರೀಖಿಗೆ ಹೋಗುತ್ತದೆ. ಪಿಗೂ ಕ್ಯಾಮೆರಾ ಹೊತ್ತು ತಿರುಗಿದ ಹಿಂದೆಯೇ, 1858ರ ಮೇ ತಿಂಗಳ ಕೊನೆಗೆ, ಇದೇ ನೆಲ ಹೊತ್ತಿಕೊಂಡಿತು. ಮುಂಡರಗಿಯ ಭೀಮರಾಯರು ಹಮ್ಮಿಗಿಯ ಕೆಂಚನಗೌಡರ ಜೊತೆ ಕಂಪನಿ ಸರಕಾರದ ಮೇಲೆ ಎದ್ದರು. ಡಂಬಳದ ಸರಕಾರಿ ಖಜಾನೆಗೆ ಕೈ ಹಾಕಿದರು, ಕೊಪ್ಪಳದ ಕೋಟೆ ಹಿಡಿದರು, ಕೆಲವೇ ದಿನಗಳಲ್ಲಿ ಕೊಪ್ಪಳದಲ್ಲೇ ಹೋರಾಡಿ ಮಡಿದರು. ಅದೇ ದಿನಗಳಲ್ಲಿ ನರಗುಂದದ ಬಾಬಾಸಾಹೇಬರ ಮಂದಿ ಸುರೇಬಾನದ ಹತ್ತಿರ ಕಂಪನಿಯ ಏಜೆಂಟ್ ಮ್ಯಾನ್ಸನ್ನನ್ನು ಕೊಂದರು. ಪಿಗೂ ತೀರಿಕೊಂಡದ್ದೂ ಅದೇ 1858ರಲ್ಲಿ.

ದೊಡ್ಡಬಸಪ್ಪನ ಗುಡಿಯ ಚಿತ್ರದಲ್ಲಿ ಒಂದು ಎಲೆಯೂ ಅಲುಗುವುದಿಲ್ಲ. ಅದೇ ಡಂಬಳದಲ್ಲಿ ಆಯುಧ ಒಪ್ಪಿಸಿರಿ ಎಂಬ ಸರಕಾರದ ಹುಕುಮಿಗೆ ಜನ ಒಳಗೊಳಗೇ ಕುದಿಯುತ್ತಿದ್ದರು. ಕಂಪನಿಯ ಕ್ಯಾಮೆರಾ ಕಂಪನಿಗೆ ಬೇಕಾದದ್ದನ್ನು ನೋಡಿತು, ಅಷ್ಟೆ.

ಒಂದು ಉಪಕಾರವನ್ನು ಮಾತ್ರ ಮರೆಯಬಾರದು. ಗುಡಿಗಳ ಜೊತೆ ಪಿಗೂ ಮತ್ತು ಬಿಗ್ಸ್ ಶಾಸನದ ಕಲ್ಲುಗಳನ್ನೂ ತಾಮ್ರಪಟಗಳನ್ನೂ ಫೋಟೋ ತೆಗೆದರು. ಧಾರವಾಡ ಮತ್ತು ಮೈಸೂರಿನ ಆ ಶಾಸನ ಚಿತ್ರಗಳು 1866ರಲ್ಲಿ ಥಿಯೋಡರ್ ಹೋಪ್ ಸಂಪಾದಕತ್ವದಲ್ಲಿ ಒಟ್ಟಾಗಿ ಬಂದವು. ಮುಂದೆ ಜೆ.ಎಫ್. ಫ್ಲೀಟ್ ಹಳಗನ್ನಡ ಶಾಸನ ಓದಲು ಕುಳಿತಾಗ ಅವರ ಕೈಗೆ ಸಿಕ್ಕ ಮೊದಲ ಸಾಮಗ್ರಿಯಲ್ಲಿ ಇವೂ ಇದ್ದವು. 1878ರ ಅವರ ಶಾಸನ ಸಂಪುಟ ಇಂಥ ಫೋಟೋಗಳ ಮೇಲೆ ನಿಂತಿದೆ. ಕನ್ನಡ ನಾಡಿನ ರಾಜರ ಸಾಲು, ವರ್ಷ, ದಾನದತ್ತಿಯ ಲೆಕ್ಕ ನಮಗೆ ಗೊತ್ತಾದ ದಾರಿಯಲ್ಲಿ ಪಿಗೂ ಡಾಕ್ಟರ ಕ್ಯಾಮೆರಾವೂ ಒಂದು ಮೈಲಿಗಲ್ಲು.

ಕಲ್ಲಿನ ರಥದ ಮೇಲಿನ ಗೋಪುರ

ಹಳೆಯ ಫೋಟೋದಿಂದ ಏನು ಲಾಭ ಎಂದು ಯಾರಾದರೂ ಕೇಳಿದರೆ ಅವರ ಕಿಸೆಯಲ್ಲಿನ ಐವತ್ತು ರೂಪಾಯಿ ನೋಟು ತೆಗೆಸಬೇಕು. ಹಿಂಬದಿಗೆ ಹಂಪಿಯ ಕಲ್ಲಿನ ರಥ ಇದೆ. ಮಾಡು ಚಪ್ಪಟೆ. ಆದರೆ ಕರ್ನಲ್ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ಮೇಣಗಾಗದದ ನೆಗೆಟಿವ್‌ನಲ್ಲಿ ಹಿಡಿದ ಚಿತ್ರದಲ್ಲಿ ಅದೇ ರಥದ ಮೇಲೆ ಇಟ್ಟಿಗೆಯ ಗೋಪುರ ಎದ್ದುನಿಂತಿದೆ. ಮುಂದೆ ಅದನ್ನು ತೆಗೆದುಹಾಕಲಾಯಿತು. ಆ ಫೋಟೋ ಒಂದು ಉಳಿಯದೇ ಇದ್ದಿದ್ದರೆ, ರಥ ಹುಟ್ಟಿದಾಗಿನಿಂದ ಹೀಗೇ ಇತ್ತು ಎಂದೇ ನಾವೆಲ್ಲ ನಂಬುತ್ತಿದ್ದೆವು.

ಗ್ರೀನ್‌ಲಾನ ಅರವತ್ತರಷ್ಟು ನೆಗೆಟಿವ್‌ಗಳು ನೂರು ವರ್ಷಕ್ಕೂ ಮೇಲೆ ಯಾರ ಕಣ್ಣಿಗೂ ಬೀಳದೆ ಇದ್ದು, 1980ರ ದಶಕದಲ್ಲಿ ಅವುಗಳಿಂದ ಚಿತ್ರ ಮಾಡಲಾಯಿತು. ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಆ ಚಿತ್ರಗಳನ್ನು ಹಿಡಿದುಕೊಂಡು ಹಂಪಿಗೆ ಬಂದು, ಗ್ರೀನ್‌ಲಾ ನಿಂತ ಜಾಗಗಳನ್ನು ಹುಡುಕಿ, ಅಲ್ಲಿಯೇ ನಿಂತು ಮತ್ತೆ ಚಿತ್ರ ತೆಗೆದರು. ಅಕ್ಕಪಕ್ಕ ಇಟ್ಟು ನೋಡಿದರೆ ನೂರಿಪ್ಪತ್ತೈದು ವರ್ಷದಲ್ಲಿ ಬಿದ್ದದ್ದು ಯಾವುದು, ಎತ್ತಿ ಕಟ್ಟಿದ್ದು ಯಾವುದು, ಎಲ್ಲವೂ ಕಣ್ಣೆದುರು.

ಇದೇ ಕೆಲಸ ಹಂಪಿಯಿಂದ ಪಡುವಣಕ್ಕೆ, ಕೊಪ್ಪಳ ದಾಟಿ ಲಕ್ಕುಂಡಿಗೂ ಬರಬೇಕು. ಇಲ್ಲಿ ನೋಡಬೇಕಾದದ್ದು ಬೇಕಾದಷ್ಟಿದೆ. ಕಾಶಿವಿಶ್ವೇಶ್ವರದ ಎರಡು ಗರ್ಭಗುಡಿಗಳು ಎದುರುಬದುರು, ಒಂದು ಶಿವನಿಗೆ, ಇನ್ನೊಂದು ಸೂರ್ಯನಿಗೆ. ಬಾಗಿಲ ಚೌಕಟ್ಟಿನಲ್ಲಿ ಪಟ್ಟಿಯ ಪಕ್ಕ ಪಟ್ಟಿ, ಒಂದೊಂದರಲ್ಲೂ ಬೇರೆ ಬೇರೆ ಕೆತ್ತನೆ. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೆ, ಮಾಣಿಕೇಶ್ವರದ ಮುಂದಿನ ಮುಸುಕಿನ ಬಾವಿ ಇದೆ. ಪಿಗೂ ಆದ ಮೇಲೆ ಪುರಾತತ್ವ ಇಲಾಖೆಯ ಹೆನ್ರಿ ಕಸಿನ್ಸ್ ಈ ಗುಡಿಗಳನ್ನು ಅಳೆದು, ಚಿತ್ರ ತೆಗೆದು, 1926ರಲ್ಲಿ ಕನ್ನಡ ಜಿಲ್ಲೆಗಳ ಚಾಲುಕ್ಯ ವಾಸ್ತುಶಿಲ್ಪದ ಮೇಲೆ ದೊಡ್ಡ ಗ್ರಂಥವನ್ನೇ ತಂದರು. ಪಿಗೂ, ಕಸಿನ್ಸ್, ಇವತ್ತು: ಮೂರು ಕಾಲದ ಚಿತ್ರ ಒಂದರ ಪಕ್ಕ ಒಂದು ಇಟ್ಟರೆ ಯಾವ ಕಲ್ಲು ಯಾವಾಗ ಸರಿಯಿತು ಎಂದು ಹೇಳಬಹುದು.

ಜೀರ್ಣೋದ್ಧಾರದ ಹೊತ್ತಿಗೆ ಇದರ ಬೆಲೆ ತಿಳಿಯುತ್ತದೆ. ಲಕ್ಷ್ಮೇಶ್ವರದ ಸೋಮೇಶ್ವರ ಗುಡಿ ಕಳೆದ ದಶಕದಲ್ಲಿ ಇನ್ಫೊಸಿಸ್ ಪ್ರತಿಷ್ಠಾನದ ನೆರವಿನಿಂದ ಮತ್ತೆ ಗಟ್ಟಿಯಾಗಿ ನಿಂತಿತು. ಪುಲಿಗೆರೆ ಎಂದು ಮೆರೆದ ಆ ಊರಿನಲ್ಲಿ ಸೋಮೇಶ್ವರನ ಗುಡಿ, ಶಂಖ ಬಸದಿ, ಆದಿಲ್‌ಶಾಹಿ ಕಾಲದ ಜುಮ್ಮಾ ಮಸೀದಿ, ಮೂರೂ ಕೂಗಳತೆಯ ಸುತ್ತಿನಲ್ಲಿವೆ. ಇಂಥ ಕಡೆ ಕೆಲಸಕ್ಕೆ ಕೈ ಹಾಕುವ ಮೊದಲು ಹಳೆಯ ಚಿತ್ರ ಎದುರಿಗಿದ್ದರೆ ಕಲ್ಲಿನ ಜಾಗ ತಪ್ಪುವುದಿಲ್ಲ.

ಲಕ್ಕುಂಡಿಯಲ್ಲಿ ಒಬ್ಬ ಹಿರಿಯರಿಗೆ ಮೊಬೈಲಿನಲ್ಲಿದ್ದ ಹಳೆಯ ಚಿತ್ರವೊಂದನ್ನು ತೋರಿಸಿ ಕೇಳಿದೆ: “ಅಜ್ಜಾರ, ಇದು ಯಾವ ಗುಡಿ ಹೇಳ್ರಿ?”

ಅವರು ಕಣ್ಣ ಹತ್ತಿರ ಹಿಡಿದು ನೋಡಿದರು. “ಇದು ನಮ್ಮ ವಿಶ್ವನಾಥನ ಗುಡೀನ ಅಲ್ಲೇನ್ರೀ? ಹಿಂದಿನ ಮಗ್ಗಲಿಂದ ತೆಗದಾರ. ಈ ಕಡೆ ಮನಿ ಇದ್ದೂರಿ, ನಮ್ಮ ಅಜ್ಜ ಹೇಳತಿದ್ದ. ಅಲ್ಲಿ ನೋಡ್ರಿ, ಆ ಕಲ್ಲು, ಈಗ ಅದು ಅಲ್ಲಿಲ್ಲ.” ಮತ್ತೆ ಸ್ವಲ್ಪ ಹೊತ್ತು ನೋಡಿ ಕೇಳಿದರು, “ಇದರದೊಂದು ಕಾಗದದ ಫೋಟೋ ಸಿಗತೈತೇನ್ರಿ ನಮಗ?”

ಆ ಪ್ರಶ್ನೆಗೆ ಉತ್ತರ ಕೊಡುವುದು ಕಷ್ಟದ ಕೆಲಸವಲ್ಲ. ಬ್ರಿಟಿಷ್ ಲೈಬ್ರರಿ ತನ್ನ ಸಂಗ್ರಹದ ಎಷ್ಟೋ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ. ಅಡಿಬರಹ ಇಂಗ್ಲಿಷಿನಲ್ಲಿವೆ, ಊರ ಹೆಸರು ಅಂದಿನ ಸಾಹೇಬರ ಕಾಗುಣಿತದಲ್ಲಿವೆ; ನಮ್ಮ ಹುಡುಗರಿಗೆ ಹುಡುಕಿದರೂ ಸಿಗುವುದಿಲ್ಲ. ರಾಜ್ಯದ ಪುರಾತತ್ವ ಇಲಾಖೆ ಕೇಳಿ ಪ್ರತಿ ತರಿಸಬೇಕು. ಲಕ್ಕುಂಡಿಯ ಶಿಲ್ಪ ಸಂಗ್ರಹಾಲಯದಲ್ಲಿ, ಡಂಬಳದ ಗುಡಿಯ ಅಂಗಳದಲ್ಲಿ, ತ್ರಿಕೂಟೇಶ್ವರದ ಬಾಗಿಲಲ್ಲಿ ದೊಡ್ಡದಾಗಿ ಮಾಡಿಸಿ ನಿಲ್ಲಿಸಬೇಕು, ತೆಗೆದ ಜಾಗ ಯಾವುದು ಎಂದು ನೆಲದಲ್ಲೇ ಗುರುತು ಹಾಕಬೇಕು. ಶಾಲೆಯ ಮಕ್ಕಳು ಅಲ್ಲಿ ನಿಂತು ಮತ್ತೆ ಚಿತ್ರ ತೆಗೆಯಲಿ, ಮನೆಯ ಹಿರಿಯರನ್ನು ಕೇಳಿ ಅಡಿಬರಹ ಬರೆಯಲಿ. ಯಾವ ಬಾವಿಗೆ ಯಾವ ಹೆಸರು, ಯಾವ ಗುಡಿಯಲ್ಲಿ ಯಾರು ಇದ್ದರು ಎಂದು ಲಂಡನ್ನಿನ ಯಾವ ಪಂಡಿತನಿಗೂ ಗೊತ್ತಿಲ್ಲ. ಐಹೊಳೆಯ ಲಾಡಖಾನ್ ಗುಡಿಗೆ ಒಂದು ಕಾಲಕ್ಕೆ ಅದರಲ್ಲಿ ವಾಸವಿದ್ದವನ ಹೆಸರೇ ಉಳಿದುಬಂದಿದೆಯಲ್ಲ, ಅಂಥ ಹೆಸರುಗಳು ಈ ಕಡೆಯೂ ಹಿರಿಯರ ನಾಲಗೆಯ ಮೇಲೆ ಇನ್ನೂ ಇವೆ.

ಪುಸ್ತಕದ ಮಾತಿಗೆ ಬಂದರೆ ಗದಗ-ಬೆಟಗೇರಿಗೆ ಯಾರ ಹಂಗೂ ಬೇಡ. ಮುದ್ರಣದ ಊರು ಎಂದು ಹೆಸರು ಮಾಡಿದ ಜೋಡಿ ನಗರ ಇದು. ಇಲ್ಲಿಯ ಸಂಕೇಶ್ವರರ ನಿಘಂಟು, ವ್ಯಾಕರಣಗಳನ್ನು ಓದಿಯೇ ಉತ್ತರ ಕರ್ನಾಟಕದ ಎರಡು ಮೂರು ತಲೆಮಾರು ಪರೀಕ್ಷೆ ಪಾಸಾಗಿದೆ. 1866ರಲ್ಲಿ ಒಂದೊಂದು ಫೋಟೋವನ್ನೂ ಕೈಯಿಂದ ಅಂಟಿಸಬೇಕಿತ್ತು. ಈಗ ಬೆಟಗೇರಿಯ ಯಾವ ಆಫ್‌ಸೆಟ್ ಪ್ರೆಸ್ಸಿನಲ್ಲಾದರೂ ವಾರದೊಳಗೆ ಸಾವಿರ ಪ್ರತಿ ಅಚ್ಚಾಗುತ್ತದೆ. ಕನ್ನಡದ ಅಡಿಬರಹ ಇರಲಿ, ಪಿಗೂ, ಬಿಗ್ಸ್, ನೀಲ್ ಹೆಸರಿರಲಿ, ಚಿತ್ರ ನೋಡಿ ಊರ ಕಥೆ ಬಿಡಿಸಿ ಹೇಳಿದ ಲಕ್ಕುಂಡಿ, ಡಂಬಳದ ಹಿರಿಯರ ಹೆಸರೂ ಇರಲಿ. ಬೆಲೆ ಮಾತ್ರ ಸಂತೆಗೆ ಬಂದವರು ಕೊಂಡು ಹೋಗುವಷ್ಟಿರಬೇಕು.